ಮಣ್ಣೆತ್ತಿಗೆ ಕಾಳಿನ ಒಡವೆ: ಒಂದಿಷ್ಟು ಕಿವಿಮಾತು

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ. ಔರಾದ್, ಭಾಲ್ಕಿಯ ಗಡಿ ಊರುಗಳಲ್ಲಿ ಶ್ರಾವಣದ ಅಮಾಸಿಗೆ ಎತ್ತಿನ ಹಬ್ಬ ಪೋಳಾ. ಬೀದರ್ ಪೇಟೆಯಲ್ಲಿ ಅಚ್ಚಿನ ಎತ್ತು ಸಿಗುತ್ತವೆ, ನಿಜ. ಆದರೂ ಮನೆಯ ಮಕ್ಕಳ ಕೈಗೆ ಮಣ್ಣು ಅಂಟಲಿ ತಂಗಿ. ಎತ್ತು ಮಾಡಿ ಕಾಳಿನಿಂದ ಸಿಂಗರಿಸುವಾಗ ಇಷ್ಟು ನೆನಪಿಟ್ಟುಕೋ.

• ಬರೀ ಎರೆಮಣ್ಣು ನಂಬಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಹೊಲ ಬಿರಿದ ಹಾಗೆಯೇ ಬಿರಿಯುತ್ತದೆ. ಕೆಂಪು ಮಣ್ಣಿನಲ್ಲಿ ಮುರುಮು ಜಾಸ್ತಿ, ಜರಡಿ ಹಿಡಿಯಲೇಬೇಕು. ಕೆರೆಯ ಹೂಳು ಒಳ್ಳೆಯದು. ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಸಣ್ಣ ಹೊಟ್ಟು ಸೇರಿಸಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡು.

• ಬೀದರ್ ಕೋಟೆಯ ಮಣ್ಣಿಗೆ ಹೆಸರಿದೆ ಅಂತ ಅದನ್ನು ತರಲು ಹೋಗಬೇಡ. ಬಿದರಿ ಕೆಲಸದವರು ನವಸಾಗರದ ಜೊತೆ ಅದನ್ನು ಕಾಯಿಸಿ ಲೋಹಕ್ಕೆ ಕಪ್ಪು ಬರಿಸುತ್ತಾರೆ. ನಮ್ಮ ಎತ್ತಿಗೆ ಅದರಿಂದ ಉಪಯೋಗವಿಲ್ಲ.

• ಎತ್ತು ನಮ್ಮ ದೇವಣಿ ತಳಿಯಂತಿರಲಿ. ಹಣೆ ಉಬ್ಬು, ಕಿವಿ ಜೋಲು, ಹಿಣಿಲು ಎದ್ದು ಕಾಣಬೇಕು. ಅದರಲ್ಲಿ ವಾನೇರಾ ಬಗೆಯದಾದರೆ ಮೈ ಬಿಳಿ, ಮುಖದ ಎರಡೂ ಬದಿ ಕಪ್ಪು. ಶೇವರಾ ಆದರೆ ಮೈತುಂಬ ಕಪ್ಪು ಮಚ್ಚೆ. ಸುಣ್ಣ ಬಳಿದು ಮಚ್ಚೆಗೆ ಇಡೀ ಉದ್ದು ಕೂರಿಸು, ಬಹಳ ಚೆಂದ ಕಾಣುತ್ತದೆ. ಮಕ್ಕಳಿಗೆ ನಮ್ಮ ದನದ ಗುರುತೂ ಆಗುತ್ತದೆ.

• ಕಾಲು ಗಿಡ್ಡ, ದಪ್ಪ ಇರಲಿ. ಕೊಂಬಿನೊಳಗೆ ಜೋಳದ ದಂಟಿನ ಬೆಂಡು ಇಡು. ಕಡ್ಡಿ ಇಟ್ಟರೆ ಮಣ್ಣು ಕುಗ್ಗುವಾಗ ಕಡ್ಡಿ ಬಗ್ಗದು, ಕೊಂಬೇ ಸೀಳುತ್ತದೆ.

• ಈಗ ಎಲ್ಲರೂ ಎಡವುವ ಜಾಗ. ಹಸಿ ಮಣ್ಣಿಗೆ ಕಾಳು ಒತ್ತಿ ಬಿಟ್ಟರೆ ಕಾಳು ನೀರು ಹೀರಿ ಊದುತ್ತದೆ, ಸಿಪ್ಪೆ ಸುಕ್ಕಾಗುತ್ತದೆ, ಸುತ್ತ ಬಿರುಕು ಏಳುತ್ತದೆ. ಹೆಸರಂತೂ ಮೊಳಕೆಯೇ ಒಡೆದೀತು. ಅದಕ್ಕೇ, ಹಸಿ ಇರುವಾಗ ಕಾಳು ಒತ್ತಿ ಗುಳಿ ಮಾಡು, ಕಾಳು ತೆಗೆದುಬಿಡು. ಎತ್ತು ನೆರಳಲ್ಲಿ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ವಾರ ಹಿಡಿದರೂ ಅವಸರ ಬೇಡ, ಒಲೆ ಮುಂದೆ ಇಡಬೇಡ. ಹೊಟ್ಟೆಯಡಿ ಮುಟ್ಟಿದಾಗ ತಣ್ಣಗೆ ಅನಿಸಿದರೆ ಒಳಗಿನ್ನೂ ಹಸಿ ಇದೆ. ಆಮೇಲೆ ಗುಳಿಗೊಂದು ತೊಟ್ಟು ಅಂಟು ಬಿಟ್ಟು ಕಾಳು ಕೂರಿಸು.

• ಕಾಳನ್ನು ಮೊದಲು ಸಣ್ಣ ಉರಿಯಲ್ಲಿ ಬಿಸಿ ಮಾಡಿಕೋ. ಒಳಗಿನ ಹುಳ ಸಾಯುತ್ತದೆ. ಇಲ್ಲವಾದರೆ ತಿಂಗಳೊಳಗೆ ತೂತು ಬಿದ್ದು ಹಿಟ್ಟು ಉದುರುತ್ತದೆ.

• ಕಣ್ಣಿಗೆ ಉದ್ದು, ಕೊರಳ ಸರಕ್ಕೆ ಬಿಳಿ ಕುಸುಬಿ, ನಡುನಡುವೆ ತೊಗರಿ. ಬೆನ್ನ ಮೇಲಿನ ಜೂಲಿಗೆ ಹೆಸರು, ಹಣೆಪಟ್ಟಿಗೆ ಕಡಲೆ. ಅಂಗಡಿಯ ಮಿನುಗು ಬೇಡ. ನಮ್ಮ ಹೊಲದ ಬಣ್ಣ ಸಾಕು.

• ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮಣ್ಣೆತ್ತು ಬರುವುದು ಬಿತ್ತನೆಯ ಹೊತ್ತಿನಲ್ಲಿ. ಮನೆಯಲ್ಲಿ ಸೋಯಾ, ತೊಗರಿ ಬೀಜದ ಚೀಲ ಇರುತ್ತವೆ. ಬಣ್ಣ ಹಚ್ಚಿದ ಆ ಬೀಜಕ್ಕೆ ಔಷಧಿ ಸವರಿರುತ್ತದೆ, ಅದು ವಿಷ. ಒಂದು ಕಾಳೂ ಮಕ್ಕಳ ಕೈಗೆ ಕೊಡಬೇಡ. ಅಡುಗೆಮನೆಯ ಡಬ್ಬಿಯಿಂದಲೇ ತೆಗೆ.

• ಗುಲಗಂಜಿಯೂ ಬೇಡ. ಹಿಂದಿನವರು ಮಣ್ಣಿನ ಗುಳ್ಳವ್ವನಿಗೆ ಅದನ್ನು ಒತ್ತುತ್ತಿದ್ದರು, ನೋಡಲು ಅಷ್ಟು ಚೆಲುವು. ಆದರೆ ಅದರ ಬೀಜವನ್ನು ಮಗು ಅಗಿದು ನುಂಗಿದರೆ ಜೀವಕ್ಕೇ ಅಪಾಯ.

• ಮೂರು ವರ್ಷದೊಳಗಿನ ಕೂಸಿಗೆ ಮಣ್ಣಷ್ಟೇ ಕೊಡು, ಕಾಳು ಬೇಡ. ಮೂಗಿಗೋ ಕಿವಿಗೋ ಕಾಳು ಹೋದರೆ ನೀರು, ಎಣ್ಣೆ ಹಾಕಬೇಡ, ಕಡ್ಡಿಯಿಂದ ಕೆದಕಬೇಡ. ನೀರು ತಾಗಿದರೆ ಕಾಳು ಒಳಗೇ ಊದಿಕೊಳ್ಳುತ್ತದೆ. ತಡಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿ.

• ಅಂಟಿಗೆ ಜಾಲಿ ಗೋಂದು ಇರಲಿ. ಮೈದಾ ಸರಿಗೆ ಇರುವೆ, ಇಲಿ ಬರುತ್ತವೆ. ಹುಳ ಹತ್ತದಿರಲೆಂದು ಸರಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಮಕ್ಕಳಿರುವ ಮನೆಗೆ ಸಲ್ಲದು.

• ಪೂಜೆ ಮುಗಿದ ಮೇಲೆ ಬಣ್ಣದ ಎತ್ತನ್ನು ಮಾಂಜ್ರಾ ನದಿಗಾಗಲಿ ಕಾರಂಜಾ ನದಿಗಾಗಲಿ ಬಿಡಬೇಡ. ಬರೀ ಸುಣ್ಣ, ಕಾಳು, ಗೋಂದಿನದಾದರೆ ಬಕೆಟ್ ನೀರಲ್ಲಿ ಕರಗಿಸಿ ತುಳಸಿ ಕಟ್ಟೆಯ ಬದಿಯ ಹೂಗಿಡಗಳಿಗೆ ಹಾಕು. ಚೆನ್ನಾಗಿ ಬಂದ ಒಂದು ಜೋಡಿಯನ್ನು ಗೂಡಿನಲ್ಲಿಟ್ಟುಕೋ, ಮುಂದಿನ ವರ್ಷ ಮಕ್ಕಳಿಗೆ ಮಾದರಿಗೆ ಬೇಕಾಗುತ್ತದೆ.