ಮೃಗಾಲಯಕ್ಕೆ ಬರುವವರ ಅಧ್ಯಯನ: ಮೊದಲ ಪಾಠ

ವಿಶಾಖಪಟ್ಟಣದ ಇಂದಿರಾ ಗಾಂಧಿ ಮೃಗಾಲಯ 1977ರಲ್ಲಿ ಶುರುವಾಯಿತು. ಕಂಬಾಲಕೊಂಡ ಕಾಡಿಗೆ ಹೊಂದಿಕೊಂಡು ಸುಮಾರು 625 ಎಕರೆ ಹರಡಿದೆ. ಅಲ್ಲಿಗೆ ಬರುವವರ ನಡವಳಿಕೆ, ಮನೋಭಾವ ಎರಡನ್ನೂ ಅಧ್ಯಯನ ಮಾಡಬೇಕು ಅಂದುಕೊಳ್ಳಿ. ಎಲ್ಲಿಂದ ಹೊರಡುವುದು?

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. ‘ಜನರಿಗೆ ಪ್ರಾಣಿಗಳ ಮೇಲೆ ಪ್ರೀತಿ ಇದೆಯೇ?’ ಎನ್ನುವುದನ್ನು ಅಳೆಯಲಾಗದು. ‘ಕೋತಿಗೆ ತಿಂಡಿ ಹಾಕಬಾರದೆಂದು ಬಲ್ಲವರು ಹಾಕದೇ ಇರುತ್ತಾರೆಯೇ?’ ಎನ್ನುವುದನ್ನು ಅಳೆಯಬಹುದು.

ಕೇಳಿದರೆ ಬಹುಮಂದಿ ‘ಹಾಕಬಾರದು’ ಎಂದೇ ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೃಗಾಲಯದ ಪ್ರಾಣಿಗೆ ತಿನಿಸು ಹಾಕುವುದನ್ನು, ಕೆಣಕುವುದನ್ನು ನಿಷೇಧಿಸಿದೆ. ಆದ್ದರಿಂದ ಮೊದಲು ನೋಡಿ, ಆಮೇಲೆ ಕೇಳಿ. ಮೊದಲೇ ಕೇಳಿದರೆ ಅವರು ಎಚ್ಚರವಾಗಿಬಿಡುತ್ತಾರೆ.

ನೋಡುವುದಕ್ಕೆ ಒಂದು ಹಾಳೆ ಸಾಕು. ಕುಟುಂಬ ಕೋತಿಗಳ ಆವರಣದ ಮುಂದೆ ನಿಂತ ಹೊತ್ತು, ಹೊರಟ ಹೊತ್ತು, ಫಲಕ ಓದಿದರೇ, ಕೂಗಿದರೇ, ತಿಂಡಿ ಎಸೆದರೇ: ಇಷ್ಟೇ ಕಾಲಂ. ‘ಓದುವುದು’ ಎಂದರೇನೆಂದು ಮೊದಲೇ ಗೊತ್ತುಮಾಡಿ. ಮೂರು ಸೆಕೆಂಡಾದರೂ ಫಲಕದ ಮೇಲೆ ಕಣ್ಣಿದ್ದರೆ ಓದಿದಂತೆ ಎನ್ನಿ. ಒಂದೇ ಕುಟುಂಬವನ್ನು ಇಬ್ಬರು ಬೇರೆಬೇರೆಯಾಗಿ ಗುರುತಿಸಿ, ಹಾಳೆಗಳನ್ನು ತಾಳೆ ನೋಡಿ. ತಾಳೆಯಾಗದಿದ್ದರೆ ವ್ಯಾಖ್ಯೆಯನ್ನು ತಿದ್ದಿ.

ಯಾರನ್ನು ಆರಿಸುವುದು? ಮಾತಿಗೆ ಸಿಗುವ ನಗುಮುಖದವರನ್ನಲ್ಲ. ಬಂದ ಪ್ರತಿ ಹತ್ತನೆಯ ಗುಂಪನ್ನು. ವಾರದ ದಿನಗಳ ಜೊತೆಗೆ ಕಾರ್ತಿಕ ಮಾಸದ ವನಭೋಜನದ ಭಾನುವಾರವೂ ಇರಲಿ. ಬುತ್ತಿ ಕಟ್ಟಿಕೊಂಡು ಬಂದವರ ನಡವಳಿಕೆಯೇ ಬೇರೆ ಇದ್ದೀತು. ಊರನ್ನೂ ಕೇಳಿ: ಸುಮಾರು 350 ಕಿ.ಮೀ. ದೂರದ ವಿಜಯವಾಡದಿಂದ ಪ್ರವಾಸ ಬಂದವರನ್ನೂ ಆಗಾಗ ಬರುವ ಸ್ಥಳೀಯರನ್ನೂ ಒಂದೇ ರಾಶಿಗೆ ಹಾಕಬೇಡಿ.

ಪ್ರಶ್ನಾವಳಿ ಆಡುಮಾತಿನ ತೆಲುಗಿನಲ್ಲಿರಲಿ. ಮೊದಲು ಕೆಲವರ ಮೇಲೆ ಪ್ರಯೋಗಿಸಿ, ಅವರು ತಡವರಿಸಿದ ಪ್ರಶ್ನೆಯನ್ನು ಬದಲಿಸಿ. ಮೃಗಾಲಯದ ಅನುಮತಿ ಮೊದಲೇ ಪಡೆಯಿರಿ. ಹೆಸರು, ಫೋಟೊ ಬೇಡ. ಗಮನಿಸಿದ್ದನ್ನು ಸಂದರ್ಶನಕ್ಕೆ ಮೊದಲೇ ತಿಳಿಸಿ. ಒಪ್ಪದಿದ್ದರೆ ಆ ಹಾಳೆಯನ್ನು ಹರಿದುಹಾಕಿ. ಎಷ್ಟು ಮಂದಿ ಒಪ್ಪಲಿಲ್ಲ ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಿ.

ಗೊತ್ತಿದ್ದವರೂ ತಿಂಡಿ ಎಸೆಯುತ್ತಾರೆಂದು ತಿಳಿದರೆ, ಇನ್ನೊಂದು ಫಲಕದಿಂದ ಪ್ರಯೋಜನ ಕಡಿಮೆ. ಮುಂದಿನ ಅಧ್ಯಯನದಲ್ಲಿ ಆವರಣದ ಮುಂದೆ ಸಿಬ್ಬಂದಿ ನಿಂತು ಮಾತಾಡಿಸುವ ದಿನವನ್ನೂ ಯಾರೂ ನಿಲ್ಲದ ದಿನವನ್ನೂ ಹೋಲಿಸಿ. ಕೋತಿಯ ಹೊಟ್ಟೆಗೆ ಕುರುಕಲು ಹೋಗುವುದು ತಪ್ಪಿದರೆ ನಿಮ್ಮ ದುಡಿಮೆ ಸಾರ್ಥಕ.