ತೊಗಟೆಯ ಮೇಲಿನ ಬರಹ: ಗ್ರಾಫಿಸ್

ಬಿರಿಯಾನಿಗೆ ಹಾಕುವ ಕಲ್ಲುಹೂವನ್ನು ನಮ್ಮ ಮನೆಯಲ್ಲಿ ‘ಪತ್ಥರ್ ಕಾ ಫೂಲ್’ ಎನ್ನುತ್ತೇವೆ. ಅದು ಹೂವೂ ಅಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಲೈಕನ್. ಇದೇ ಬಳಗದ ಗ್ರಾಫಿಸ್ ಕುಲವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಯವಾದ ತೊಗಟೆಯ ಮರಗಳಲ್ಲಿ ನೋಡಬಹುದು.

ಲಕ್ಷಣಗಳು: ಬಿಳಿ ಅಥವಾ ಬೂದು ಬಣ್ಣದ ತೆಳು ಪದರ ತೊಗಟೆಗೆ ಬಿಡಿಸಲಾಗದಂತೆ ಅಂಟಿರುತ್ತದೆ. ಅದರ ಮೇಲೆ ಅಕ್ಷರದಂಥ ಕಪ್ಪು ಗೆರೆಗಳಿರುತ್ತವೆ. ಕೆಲವು ನೇರ, ಕೆಲವು ಕವಲೊಡೆದವು. ಶಿಲೀಂಧ್ರದ ಬೀಜಕಣಗಳು ಹುಟ್ಟುವುದು ಈ ಗೆರೆಗಳಲ್ಲೇ. ಗ್ರೀಕ್ ಭಾಷೆಯಲ್ಲಿ ಬರೆಯುವುದು ಎಂಬರ್ಥದ ಪದದಿಂದ ಗ್ರಾಫಿಸ್ ಹೆಸರು ಬಂದಿದೆ. ಒಳಗಿನ ಪಾಚಿ ಟ್ರೆಂಟಿಪೋಲಿಯಾ.

ವರ್ಗೀಕರಣ: 1753ರಲ್ಲಿ ಲಿನೇಯಸ್ ಬಹುತೇಕ ಲೈಕನ್‌ಗಳನ್ನು ‘ಲೈಕನ್’ ಎಂಬ ಒಂದೇ ಕುಲದಲ್ಲಿಟ್ಟ. ಈಗ ಗ್ರಾಫಿಸ್ ಇರುವುದು ಗ್ರಾಫಿಡೇಸಿ ಕುಟುಂಬದಲ್ಲಿ. ಹಿಂದೆ ಬೀಜಕಣದ ಬಣ್ಣ ಮತ್ತು ಒಳಗೋಡೆ ನೋಡಿ ನಾಲ್ಕು ಕುಲ ಮಾಡಿದ್ದರು:

ಬಣ್ಣವಿಲ್ಲದೆ ಅಡ್ಡಗೋಡೆ ಮಾತ್ರ ಇದ್ದರೆ ಗ್ರಾಫಿಸ್.
ಬಣ್ಣವಿಲ್ಲದೆ ಅಡ್ಡ, ಉದ್ದ ಎರಡೂ ಗೋಡೆ ಇದ್ದರೆ ಗ್ರಾಫಿನಾ.
ಕಂದು ಬಣ್ಣವಿದ್ದು ಅಡ್ಡಗೋಡೆ ಮಾತ್ರ ಇದ್ದರೆ ಫಿಯೋಗ್ರಾಫಿಸ್.
ಕಂದು ಬಣ್ಣವಿದ್ದು ಎರಡೂ ಗೋಡೆ ಇದ್ದರೆ ಫಿಯೋಗ್ರಾಫಿನಾ.

2002ರಲ್ಲಿ ಬೆಟ್ಟಿನಾ ಸ್ಟೈಗರ್ ಗೆರೆಯ ಹೊರಗೋಡೆಯ ರಚನೆಗೂ ಮಹತ್ವ ಕೊಟ್ಟರು. ಆಗ ಗ್ರಾಫಿನಾದ ಅನೇಕ ಪ್ರಭೇದಗಳು ಗ್ರಾಫಿಸ್‌ಗೆ ಸೇರಿದವು. ಲೆಕ್ಕಶಾಸ್ತ್ರದಲ್ಲೂ ಹೀಗೆಯೇ: ಹೆಸರಲ್ಲ, ವ್ಯವಹಾರದ ಸ್ವರೂಪ ನೋಡಿ ಖಾತೆ ನಿರ್ಧರಿಸುತ್ತೇವೆ.

ಗ್ರಾಫಿಸ್ ಮರದ ರಸ ಹೀರುವುದಿಲ್ಲ. ಪಾಚಿಯೇ ಬೆಳಕಿನಿಂದ ಆಹಾರ ತಯಾರಿಸುತ್ತದೆ. ಮರ ಕೊಡುವುದು ನೆಲೆ ಮಾತ್ರ. ಆದ್ದರಿಂದ ಇದನ್ನು ರೋಗವೆಂದು ತಿಳಿದು ಕೆರೆದರೆ ಮರಕ್ಕೆ ಲಾಭವಿಲ್ಲ, ತೊಗಟೆಗೆ ಗಾಯ ಮಾತ್ರ. ಮತ್ತೆ ಬೆಳೆಯಲು ಲೈಕನ್‌ಗೆ ವರ್ಷಗಳೇ ಬೇಕು.