ರಾಡಾರ್ ಮತ್ತು ಮಳೆಮಾಪಕ: ದಿಢೀರ್ ಪ್ರವಾಹದ ಮುನ್ಸೂಚನೆ

ವರುಣಾ ಮತ್ತು ಅಸ್ಸಿ ಎಂಬ ಎರಡು ನದಿಗಳ ನಡುವೆ ನೆಲೆಸಿರುವುದರಿಂದ ಕಾಶಿಗೆ ವಾರಾಣಸಿ ಎಂಬ ಹೆಸರು ಬಂದಿತೆಂದು ಪ್ರತೀತಿ. ನೀರಿನಿಂದಲೇ ಹೆಸರು ಪಡೆದ ಈ ನಗರಕ್ಕೆ ಮಳೆಗಾಲದಲ್ಲಿ ನೀರಿನಿಂದಲೇ ಎರಡು ಬಗೆಯ ಅಪಾಯಗಳುಂಟು.

ಮೊದಲನೆಯದು ಗಂಗೆಯ ನೆರೆ. ದೂರದಲ್ಲಿ ಸುರಿದ ಮಳೆಯ ನೀರು ನಗರವನ್ನು ತಲುಪಲು ಕಾಲ ಹಿಡಿಯುತ್ತದೆ. ಕೇಂದ್ರ ಜಲ ಆಯೋಗವು ರಾಜಘಾಟ್‌ನಲ್ಲಿ ನದಿಯ ಮಟ್ಟವನ್ನು ಅಳೆಯುತ್ತದೆ. ಅಲ್ಲಿನ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರ್ 9ರಂದು ನೀರು 73.901 ಮೀಟರಿಗೆ ಏರಿತ್ತು.

ಎರಡನೆಯದು ಸ್ಥಳೀಯ ಬಿರುಮಳೆ. ಒಂದು ಚದರ ಕಿಲೋಮೀಟರ್ ಪ್ರದೇಶದಲ್ಲಿ 50 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು 5 ಕೋಟಿ ಲೀಟರ್. ಗಂಗೆ ತುಂಬಿ ಹರಿಯುತ್ತಿರುವಾಗ ವರುಣೆಯ ನೀರು ಅದನ್ನು ಸೇರಲಾಗದೆ ಹಿಂದಕ್ಕೆ ಒತ್ತುತ್ತದೆ. ಆಗ ಸುರಿಯುವ ಮಳೆಗೆ ಹೊರದಾರಿ ಇರುವುದಿಲ್ಲ. ದಡದ ಬಡಾವಣೆಗಳ ಜನರಿಗೆ ದೊರೆಯುವುದು ದಿನಗಳಲ್ಲ, ಕೆಲವೇ ಗಂಟೆಗಳು.

ಮಳೆಮಾಪಕದ ಮಿತಿ

ಮಳೆಮಾಪಕವು ತಾನಿರುವ ಸ್ಥಳದಲ್ಲಿ ಬಿದ್ದ ಮಳೆಯನ್ನು ನೇರವಾಗಿ ಅಳೆಯುತ್ತದೆ. ಅದರ ಲೆಕ್ಕ ನಂಬಲರ್ಹ. ಆದರೆ ಎರಡು ಮಾಪಕಗಳ ನಡುವೆ ಸುರಿದ ಬಿರುಮಳೆ ಯಾವುದಕ್ಕೂ ಸಿಕ್ಕದೆ ಹೋಗಬಹುದು.

ರಾಡಾರಿನ ಮಿತಿ

ರಾಡಾರ್ ಕಳುಹಿಸಿದ ರೇಡಿಯೋ ಅಲೆಗಳು ಮಳೆಹನಿಗಳಿಗೆ ತಾಗಿ ಹಿಂದಿರುಗುತ್ತವೆ. ಮಳೆ ಎಲ್ಲಿದೆ, ಯಾವ ಕಡೆ ಸಾಗುತ್ತಿದೆ ಎಂಬುದು ಇದರಿಂದ ನಿಮಿಷಗಳಲ್ಲಿ ತಿಳಿಯುತ್ತದೆ. ಆದರೆ ಅದು ನೀರನ್ನು ಅಳೆಯುವುದಿಲ್ಲ. ಪ್ರತಿಧ್ವನಿಯಿಂದ ಅಂದಾಜು ಮಾಡುತ್ತದೆ. ಹನಿಯ ವ್ಯಾಸ ಎರಡರಷ್ಟಾದರೆ ಅದರಲ್ಲಿನ ನೀರು 8 ಪಟ್ಟಾಗುತ್ತದೆ, ಪ್ರತಿಧ್ವನಿಯಾದರೋ 64 ಪಟ್ಟಾಗುತ್ತದೆ. ಅಲ್ಲದೆ ಭೂಮಿಯು ಗುಂಡಾಗಿರುವುದರಿಂದ ದೂರ ಹೋದಂತೆ ರಾಡಾರಿನ ಕಿರಣವು ನೆಲದಿಂದ ಮೇಲಕ್ಕೇರುತ್ತದೆ. ಡಾಪ್ಲರ್ ರಾಡಾರ್‌ಗಳಿರುವ ಲಖನೌ ಮತ್ತು ಪಾಟ್ನಾ ಎರಡೂ ವಾರಾಣಸಿಯಿಂದ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿವೆ. ಅಷ್ಟು ದೂರದಲ್ಲಿ ಕಿರಣವು ನೆಲದಿಂದ ಸುಮಾರು 4 ಕಿಲೋಮೀಟರ್ ಎತ್ತರದಲ್ಲಿರುತ್ತದೆ; ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣದು.

ಎರಡರ ಜೋಡಣೆ

ಆದುದರಿಂದ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳಬೇಕು. ಉದಾಹರಣೆಗೆ, ಒಂದು ಪ್ರದೇಶದ ಮಾಪಕಗಳಲ್ಲಿ ಸರಾಸರಿ 60 ಮಿಲಿಮೀಟರ್ ಮಳೆ ದಾಖಲಾಗಿದ್ದು, ಅದೇ ಸ್ಥಳಗಳಿಗೆ ರಾಡಾರ್ 40 ಎಂದು ಅಂದಾಜು ಮಾಡಿದ್ದರೆ, ರಾಡಾರಿನ ಚಿತ್ರವನ್ನೆಲ್ಲ ಒಂದೂವರೆ ಪಟ್ಟು ಹೆಚ್ಚಿಸಲಾಗುತ್ತದೆ. ಮಳೆಯ ಹರವನ್ನು ರಾಡಾರ್ ತೋರಿಸುತ್ತದೆ. ಪ್ರಮಾಣವನ್ನು ಮಾಪಕ ತಿದ್ದುತ್ತದೆ. ಮಣ್ಣಿನ ತೇವ, ನೆಲದ ಇಳಿಜಾರು ಹಾಗೂ ನದಿಯ ಮಟ್ಟಗಳನ್ನು ಇದಕ್ಕೆ ಸೇರಿಸಿದಾಗ ಯಾವ ಹಳ್ಳ ಉಕ್ಕುವುದೆಂದು ಹೇಳಲು ಸಾಧ್ಯವಾಗುತ್ತದೆ.

ಭಾರತ ಹವಾಮಾನ ಇಲಾಖೆಯು 2020ರ ಅಕ್ಟೋಬರ್‌ನಲ್ಲಿ ದಕ್ಷಿಣ ಏಷ್ಯಾದ ದಿಢೀರ್ ಪ್ರವಾಹ ಮಾರ್ಗದರ್ಶಿ ವ್ಯವಸ್ಥೆಯನ್ನು ಆರಂಭಿಸಿತು. ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ ಮತ್ತು ಶ್ರೀಲಂಕಾಗಳಿಗೆ ಇದು 6ರಿಂದ 24 ಗಂಟೆ ಮುಂಚಿತವಾಗಿ ಸೂಚನೆ ನೀಡುತ್ತದೆ.

ನಾಗರಿಕರ ಪಾತ್ರ

ಮುನ್ಸೂಚನೆ ಕಡಿಮೆಯಾದರೆ ಪ್ರಾಣಹಾನಿಯ ಭಯ. ಹುಸಿಯಾಗುತ್ತ ಹೋದರೆ ಜನರ ನಂಬಿಕೆಯೇ ಕುಸಿಯುತ್ತದೆ. ಆದ್ದರಿಂದ ಪ್ರತಿ ಮಾಪಕದ ಅಳತೆಗೂ ಬೆಲೆಯುಂಟು. ಮಾಪಕದ ಸಮೀಪ ಗೋಡೆ ಕಟ್ಟುವುದಾಗಲಿ ಮರ ಬೆಳೆಸುವುದಾಗಲಿ ಸಲ್ಲದು. ಅಡ್ಡವಾಗಿರುವ ವಸ್ತುವು ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಇದರ ಅರಿವಿಲ್ಲದೆ ಮಾಪಕಕ್ಕೆ ಮರೆ ಮಾಡಿದರೆ, ಕೆಳಗಿನ ಬಡಾವಣೆಗೆ ತಲುಪಬೇಕಾದ ಎಚ್ಚರಿಕೆಯೇ ತಪ್ಪಿಹೋದೀತು. ಎಚ್ಚರಿಕೆ ಬಂದಾಗ ನೀರು ಮನೆ ಬಾಗಿಲಿಗೆ ಬರುವವರೆಗೆ ಕಾಯದೆ ಎತ್ತರದ ಸ್ಥಳಕ್ಕೆ ತೆರಳುವುದು ಕ್ಷೇಮ.